ಬಾಲಂಗೋಚಿ ಇಲ್ಲದ ಸೈಕಲ್ ಕ್ಲಬ್ಬುಗಳು

ಮೊದಲೇ ಹೇಳಿಬಿಡ್ತೀನಿ, ಜೋರಾಗಿ ಸೈಕಲ್ ತುಳಿಯೋರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನಾನೂ ಜೋರಾಗಿ ತುಳಿಯೋನೇ. ಅಂದ್ರೆ, ಹಾಗಂತ ಅಂದುಕೊಂಡಿರೋನು :) ನನ್ನ ಜಗಳ ಏನಿದ್ದರೂ ಒಂದು ಸುಳ್ಳಿನ ಜೊತೆ. ಬೆಂಗಳೂರಿನಲ್ಲಿ ಶನಿವಾರ ಸಂಜೆಯಾದರೆ ಸಾಕು, ಸೈಕಲ್ ಗುಂಪುಗಳಿಂದ ಒಂದು ಮೆಸೇಜು ಬರುತ್ತದೆ. "ನಾಳೆ ಬೆಳಿಗ್ಗೆ 5ಕ್ಕೆ ರೈಡ್. ಹೊಸಬರಿಗೂ ಸ್ವಾಗತ. ಆರಾಮ್ ಪೇಸ್. ನೋ ಡ್ರಾಪ್!" ಅದರ ಹಿಂದೆ ನಾಲ್ಕು ನಗುಮುಖ, ಎರಡು ಸೈಕಲ್ಲಿನ ಚಿತ್ರ.

ಈ 'ನೋ ಡ್ರಾಪ್' ಅನ್ನೋ ಪದ ಗೊತ್ತಿಲ್ಲದವರಿಗೆ ಹೇಳ್ತೀನಿ. ಯಾರನ್ನೂ ದಾರಿಯಲ್ಲಿ ಬಿಟ್ಟು ಹೋಗೋದಿಲ್ಲ, ಹೊರಟವರೆಲ್ಲ ಜೊತೆಯಲ್ಲೇ ಮುಗಿಸ್ತೀವಿ ಅಂತ ಅದರ ಅರ್ಥ. ಕೇಳೋಕೆ ಎಷ್ಟು ಚಂದ ಅಲ್ವಾ? ನಾನು ಈ ಊರಿಗೆ ಬಂದಮೇಲೆ ಐದಾರು ಗುಂಪುಗಳ ಜೊತೆ ಹೋಗಿದ್ದೀನಿ. ಅವುಗಳಲ್ಲಿ ಈ ಮಾತನ್ನು ನಿಜವಾಗಿಯೂ ಉಳಿಸಿಕೊಂಡಿದ್ದು ಒಂದೇ ಒಂದು ಗುಂಪು. ಉಳಿದವರಿಗೆಲ್ಲ ಅದು ಬೇಕರಿ ಬೋರ್ಡಿನ ಮೇಲೆ 'ಶುದ್ಧ ತುಪ್ಪದಲ್ಲಿ ಮಾಡಿದ್ದು' ಅಂತ ಬರೆಸಿರ್ತಾರಲ್ಲ, ಆ ಥರದ ಮಾತು. ಬರೆಸಿದವರಿಗೂ ನಂಬಿಕೆ ಇರಲ್ಲ, ಓದಿದವರೂ ಕೇಳಲ್ಲ.

ಇಷ್ಟು ಸಿಟ್ಟು ಯಾಕೆ ಅಂತೀರಾ? ಹೇಳ್ತೀನಿ ಕೇಳಿ. ಈ ಕಥೆಯಲ್ಲಿ ನಾನೂ ಒಬ್ಬ ತಪ್ಪಿತಸ್ಥ, ಅದನ್ನೂ ಮುಚ್ಚಿಡಲ್ಲ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳತಿ ಒಂದು ಹೊಸ ಸೈಕಲ್ ತಗೊಂಡಳು. ಮೂರು ತಿಂಗಳು ಮನೆ ಹತ್ತಿರದ ಕೆರೆ ಸುತ್ತ ತುಳಿದಳು. "ಒಬ್ಬಳೇ ತುಳಿದು ಬೋರಾಗ್ತಿದೆ ಕಣೋ, ಯಾವುದಾದರೂ ಒಳ್ಳೇ ಗುಂಪು ಇದ್ರೆ ಹೇಳು" ಅಂದಳು. ನಾನು ಆಗ ಹೋಗುತ್ತಿದ್ದ ಕ್ಲಬ್ಬಿಗೆ ಕರೆದೆ. ಹೆಸರು ಬೇಡ. ಹೆಸರು ಹೇಳಿದರೆ ಆ ಒಂದೇ ಕ್ಲಬ್ಬಿನ ತಪ್ಪು ಅಂತ ಉಳಿದವರೆಲ್ಲ ಆರಾಮಾಗಿ ಮಲಗಿಬಿಡ್ತಾರೆ. "ನೋ ಡ್ರಾಪ್ ಅಂತ ಹಾಕಿದಾರೆ, ಏನೂ ಹೆದರಬೇಡ" ಅಂದವನು ನಾನೇ.

ಜನವರಿ ತಿಂಗಳು, ಬೆಳಿಗ್ಗೆ 5 ಗಂಟೆ. ಹೆಬ್ಬಾಳದಲ್ಲಿ 22 ಜನ ಸೇರಿದ್ವಿ. ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿ ಕೋಟೆಗೆ ಹೋಗಿ ಬರೋದು, ಹೆಚ್ಚು ಕಮ್ಮಿ 60 ಕಿ.ಮೀ. ಕತ್ತಲೆ, ಮಂಜು, ಕೈ ಮರಗಟ್ಟುವ ಚಳಿ. ಅಡ್ಮಿನ್ ಮಹಾಶಯರು ಎರಡು ನಿಮಿಷ ಭಾಷಣ ಮಾಡಿದರು. ಹೆಲ್ಮೆಟ್ ಹಾಕಿ, ಲೈಟ್ ಹಾಕಿ, ಎಡಗಡೆ ಇರಿ. ಕೊನೆಗೆ ಯಾರು ಇರ್ತಾರೆ ಅಂತ ಹೇಳಲಿಲ್ಲ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಯಲಹಂಕ ದಾಟೋವರೆಗೂ ನಾನು ಅವಳ ಜೊತೆಗೇ ಇದ್ದೆ. ಆಮೇಲೆ ಮುಂದಿನ ಗುಂಪಿನವರು ಸ್ವಲ್ಪ ವೇಗ ಏರಿಸಿದರು. ಸೈಕಲ್ ತುಳಿಯೋರಿಗೆ ಗೊತ್ತಿರುತ್ತೆ, ಮುಂದಿನವನ ಚಕ್ರದ ಹಿಂದೆ ಅಂಟಿಕೊಂಡು ಹೋಗುವಾಗ ಸಿಗೋ ಆ ಮಜಾ. ಕಾಲು ತಾನಾಗಿಯೇ ತಿರುಗುತ್ತೆ, ರಸ್ತೆ ತಾನಾಗಿಯೇ ಹಿಂದೆ ಸರಿಯುತ್ತೆ. "ನೀನು ಹೋಗು, ನಾನು ನಿಧಾನಕ್ಕೆ ಬರ್ತೀನಿ" ಅಂದಳು. ಹೋದೆ. ಹಿಂದೆ ಇನ್ನೂ ಜನ ಇದ್ದಾರಲ್ಲ ಅಂದುಕೊಂಡೆ. ಹಿಂದೆ ಇದ್ದವರೆಲ್ಲ ಒಬ್ಬೊಬ್ಬರಾಗಿ ಅವಳನ್ನು ದಾಟಿ ಬಂದಿದ್ದರು, ಅವರೂ ಹಾಗೇ ಅಂದುಕೊಂಡಿದ್ದರು.

ಹುಣಸಮಾರನಹಳ್ಳಿ ಹತ್ತಿರ ಅವಳ ಹಿಂದಿನ ಚಕ್ರ ಪಂಕ್ಚರ್ ಆಯ್ತು. ಆರು ಗಂಟೆ ಆಗಿರಲಿಲ್ಲ, ಇನ್ನೂ ಪೂರ್ತಿ ಕತ್ತಲೆ. ಏರ್‌ಪೋರ್ಟಿಗೆ ಓಡೋ ಟ್ಯಾಕ್ಸಿಗಳು ಪಕ್ಕದಲ್ಲೇ ಬುರ್ ಅಂತ ಹೋಗ್ತಾ ಇವೆ. ಒಂದು ಕಾರು ನಿಧಾನ ಮಾಡಿ, ಸ್ವಲ್ಪ ಮುಂದೆ ನಿಂತು, ಹಿಂದಕ್ಕೆ ಬಂತಂತೆ. ಅದರಲ್ಲಿದ್ದವರು ಏನಂದರು ಅಂತ ಅವಳು ನನಗೆ ಇವತ್ತಿಗೂ ಹೇಳಿಲ್ಲ. ಅಷ್ಟರಲ್ಲಿ ರಸ್ತೆ ಪಕ್ಕ ಟೀ ಅಂಗಡಿ ಬಾಗಿಲು ತೆಗೆಯುತ್ತಿದ್ದ ಒಬ್ಬ ಅಜ್ಜಿ, "ಬಾ ಮಗಾ, ಒಳಗೆ ಕೂತ್ಕೋ" ಅಂತ ಕರೆದು ಕೂರಿಸಿಕೊಂಡರಂತೆ. ಬೆಳಕು ಹರಿಯೋವರೆಗೂ ಅಲ್ಲೇ ಕೂತಿದ್ದು, ಆಮೇಲೆ ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಮನೆಗೆ ಹೋದಳು.

ಆ ಹೊತ್ತಿಗೆ ನಾವು ಎಲ್ಲಿದ್ದೆವು ಗೊತ್ತಾ? ದೇವನಹಳ್ಳಿ ಕೋಟೆ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆವು! ಫೋಟೋ ಆದಮೇಲೆ ಇಡ್ಲಿ ವಡೆ. ಎರಡನೇ ವಡೆಗೆ ಕೈ ಹಾಕುವಾಗ ಬ್ಯಾಗಿನಿಂದ ಮೊಬೈಲ್ ತೆಗೆದು ನೋಡಿದೆ. ಏಳು ಮಿಸ್ಡ್ ಕಾಲ್.

ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ 19 ಜನ ಇದ್ದಾರೆ, ನಾನೂ ಹಲ್ಲು ಕಿರಿದು ನಿಂತಿದ್ದೀನಿ. ಅಡ್ಮಿನ್ ಅದರ ಕೆಳಗೆ "ಅದ್ಭುತ ರೈಡ್! 22 ಜನ!!" ಅಂತ ಬರೆದಿದ್ದರು. ಹೊಳೆ ದಾಟಿದ ಹತ್ತು ಜನ ದಡ್ಡರ ಕಥೆ ಚಿಕ್ಕವರಿದ್ದಾಗ ಕೇಳಿದ್ದೀವಲ್ಲ, ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿಹೋದ ಅಂತ ಎಲ್ಲರೂ ದಡದಲ್ಲಿ ಕೂತು ಅಳ್ತಾರೆ. ನಮಗಿಂತ ಆ ದಡ್ಡರೇ ವಾಸಿ ಕಣ್ರೀ. ಅವರು ಎಣಿಸಿದರಾದರೂ!

ಮಾರನೇ ದಿನ ಗುಂಪಿನಲ್ಲಿ ಈ ವಿಷಯ ಎತ್ತಿದೆ. ಬಂದ ಉತ್ತರ ಇದು. "ಬ್ರೋ, ಇದು ಸೆಲ್ಫ್ ಸಪೋರ್ಟೆಡ್ ರೈಡು. ಪಂಕ್ಚರ್ ಹಾಕೋಕೆ ಬರದಿದ್ರೆ ಹೈವೇಗೆ ಬರಬಾರದಾಗಿತ್ತು." ಅದಕ್ಕೆ ಹದಿನಾಲ್ಕು ಜನ ಹೆಬ್ಬೆಟ್ಟು ಎತ್ತಿದ್ದರು.

ನನಗೆ ಮೈಯೆಲ್ಲ ಉರಿದಿದ್ದು ಆವಾಗಲೇ. ಯಾಕಂದ್ರೆ ಆ ಮಾತು ತಪ್ಪಲ್ಲ, ತಪ್ಪು ಜಾಗದಲ್ಲಿ ಹೇಳಿದ್ದು.

ಸ್ವಾವಲಂಬಿ ಸವಾರಿ ಅನ್ನೋದು ಒಂದು ಒಳ್ಳೆಯ, ಗೌರವದ ಸಂಪ್ರದಾಯ. ಬ್ರೆವೆ ಅಂತ ಕೇಳಿರಬಹುದು. ದೂರದ ಸೈಕಲ್ ಸವಾರಿಗಳು. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ಇದರ ಮೂಲ ಸಂಸ್ಥೆ, ನಮ್ಮಲ್ಲಿ ಆಡಾಕ್ಸ್ ಇಂಡಿಯಾ ನೋಡಿಕೊಳ್ಳುತ್ತದೆ, ಬೆಂಗಳೂರಿನಿಂದಲೂ ನಡೆಯುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಮುಗಿಸಿದಂತೆ. ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲವೇ ಇಲ್ಲ. ಅಲ್ಲಿ ನಿಮ್ಮ ಪಂಕ್ಚರ್ ನೀವೇ ಹಾಕಿಕೊಳ್ಳಬೇಕು, ನಿಮ್ಮ ಊಟ ನೀವೇ ಹುಡುಕಿಕೊಳ್ಳಬೇಕು. ಯಾರೂ ಕಾಯಲ್ಲ. ಆದರೆ ಅದನ್ನು ಮೊದಲೇ ಹೇಳಿರ್ತಾರೆ! ಹೆಸರು ಬರೆಸೋ ಮುಂಚೆ ನಿಮಗೆ ಗೊತ್ತಿರುತ್ತೆ. ಒಪ್ಪಿಗೆ ಇದ್ರೆ ಬರ್ತೀರ, ಇಲ್ಲಾಂದ್ರೆ ಇಲ್ಲ.

ಇನ್ನೂ ಒಂದು ತಮಾಷೆ ಇದೆ. ಈ ಆಡಾಕ್ಸ್ ಅನ್ನೋ ಹೆಸರಿನ ಸವಾರಿ ಫ್ರಾನ್ಸಿನಲ್ಲಿ 1904ರಲ್ಲಿ ಶುರುವಾದಾಗ ಅದು ಹೀಗಿರಲಿಲ್ಲ. ಟೂರ್ ಡಿ ಫ್ರಾನ್ಸ್ ಶುರು ಮಾಡಿದ ಆಂರಿ ದೆಗ್ರಾಂಜ್ ಅವರೇ ಇದನ್ನೂ ಶುರು ಮಾಡಿದ್ದು. ಅದರಲ್ಲಿ ಎಲ್ಲರೂ ಗುಂಪಾಗಿಯೇ ಹೋಗಬೇಕು. ಮುಂದೆ ಕ್ಯಾಪ್ಟನ್ ಇರ್ತಾನೆ, ಅವನು ಹಿಡಿದದ್ದೇ ವೇಗ, ಅವನನ್ನು ದಾಟಿ ಹೋಗೋ ಹಾಗಿಲ್ಲ. ಈಗಲೂ ಆ ಪದ್ಧತಿಯ ಸವಾರಿಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 22.5 ಕಿ.ಮೀ. ವೇಗ ಇರುತ್ತದೆ. ಅವರವರ ವೇಗದಲ್ಲಿ ಹೋಗುವ ಪದ್ಧತಿಯನ್ನು ಪ್ಯಾರಿಸ್ಸಿನ ಕ್ಲಬ್ಬಿನವರು 1921ರಲ್ಲಿ ಬೇರೆಯಾಗಿ ಶುರು ಮಾಡಿದರು. ಅಂದರೆ ನೂರು ವರ್ಷದ ಹಿಂದೆಯೇ ಅವರಿಗೆ ಇವೆರಡೂ ಬೇರೆ ಬೇರೆ ಆಟ ಅಂತ ಅರ್ಥವಾಗಿತ್ತು. ಒಂದರಲ್ಲಿ ಜೊತೆ, ಇನ್ನೊಂದರಲ್ಲಿ ಸ್ವಾತಂತ್ರ್ಯ. ನಮ್ಮ ಭಾನುವಾರದ ಕ್ಲಬ್ಬುಗಳು ಮಾತ್ರ ಮೊದಲನೆಯದರ ಹೆಸರು ಹೇಳಿ ಜನ ಸೇರಿಸ್ತಾರೆ, ರಸ್ತೆಗೆ ಇಳಿದ ಮೇಲೆ ಎರಡನೆಯದನ್ನು ಆಡ್ತಾರೆ. ಸಿಕ್ಕಿಬಿದ್ದಾಗ "ಸೆಲ್ಫ್ ಸಪೋರ್ಟೆಡ್ ಬ್ರೋ" ಅಂತಾರೆ.

"ಅಯ್ಯೋ, ಸ್ವಲ್ಪ ಜೋರಾಗಿ ತುಳಿಯೋಕೆ ಏನು ಕಷ್ಟ? ಐದು ಕಿಲೋಮೀಟರು ವ್ಯತ್ಯಾಸ ಅಷ್ಟೇ ಅಲ್ವಾ?" ಅಂತ ಕೇಳೋರಿದ್ದಾರೆ. ಇಂಜಿನಿಯರಿಂಗ್ ಓದಿದೋರೇ ಕೇಳ್ತಾರೆ, ಅದೇ ಬೇಜಾರು. ಸರಿ, ಲೆಕ್ಕ ಹಾಕೋಣ ಬನ್ನಿ.

ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದರೆ ಸೈಕಲ್ ಸವಾರನ ದೊಡ್ಡ ಶತ್ರು ಗಾಳಿ. ಗಾಳಿಯನ್ನು ಸೀಳಿಕೊಂಡು ಹೋಗೋಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಗಂಟೆಗೆ 20 ಕಿ.ಮೀ. ಹೋಗೋನು 25ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ. ಆದರೆ ಗಾಳಿಗೆ ತೆರಬೇಕಾದ ಶಕ್ತಿ? 1.25ರ ಘನ, ಹತ್ತತ್ತಿರ ಎರಡು ಪಟ್ಟು! 30ಕ್ಕೆ ಏರಿಸಿದರೆ ಮೂರು ಪಟ್ಟಿಗಿಂತ ಜಾಸ್ತಿ. ಅಂದರೆ "ಸ್ವಲ್ಪ ಜೋರಾಗಿ ಬಾ" ಅಂತ ಹೊಸಬರಿಗೆ ಹೇಳೋದು, "ಹತ್ತು ಕೆಜಿ ಹೊತ್ತಿದೀಯಲ್ಲ, ಇಪ್ಪತ್ತು ಹೊರು" ಅಂದ ಹಾಗೆ.

ಇದರ ಇನ್ನೊಂದು ಮುಖ ನೋಡಿ. ಒಬ್ಬರ ಹಿಂದೆ ಒಬ್ಬರು ಹತ್ತಿರದಲ್ಲಿ ಹೋದರೆ ಹಿಂದಿನವರಿಗೆ ಗಾಳಿಯ ತಡೆ ಸುಮಾರು ಮೂರನೇ ಒಂದು ಭಾಗದಷ್ಟು ಕಮ್ಮಿಯಾಗುತ್ತದೆ. ಗುಂಪಿನಲ್ಲಿ ತುಳಿಯೋದರ ದೊಡ್ಡ ಲಾಭವೇ ಇದು. ಹಾಗಾದರೆ ಈ ಲಾಭ ಯಾರಿಗೆ ಸಿಗಬೇಕು? ಬಲ ಕಮ್ಮಿ ಇರೋರಿಗೆ ತಾನೇ? ನಮ್ಮಲ್ಲಿ ಏನಾಗುತ್ತೆ ಅಂದ್ರೆ, ಬಲ ಇರೋ ಹತ್ತು ಜನ ಒಟ್ಟಿಗೆ ಸೇರಿ, ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿಕೊಂಡು ಹಾರಿಹೋಗ್ತಾರೆ. ಎಲ್ಲರಿಗಿಂತ ಬಲಹೀನರಾದ ಒಬ್ಬರು ಕೊನೆಯಲ್ಲಿ ಪೂರ್ತಿ ಗಾಳಿಯನ್ನು ಒಬ್ಬರೇ ಎದುರಿಸ್ತಾರೆ. ಆಮೇಲೆ ಮೊಬೈಲ್ ತೆಗೆದು ಸರಾಸರಿ ವೇಗ ನೋಡಿ, "ಇವರು ಇನ್ನೂ ಪ್ರಾಕ್ಟೀಸ್ ಮಾಡಬೇಕು" ಅಂತ ತೀರ್ಪು ಕೊಡ್ತಾರೆ. ಇದಕ್ಕೆ ಏನನ್ನಬೇಕು ನೀವೇ ಹೇಳಿ.

"ಇಲ್ಲಪ್ಪಾ, ನಾವು ಕಾಯ್ತೀವಿ. ಪ್ರತಿ ಹತ್ತು ಕಿಲೋಮೀಟರಿಗೆ ನಿಲ್ತೀವಿ" ಅನ್ನೋ ಕ್ಲಬ್ಬುಗಳೂ ಇವೆ. ಅವರದ್ದೂ ಲೆಕ್ಕ ನೋಡೋಣ. ಮುಂದಿನವರು ಗಂಟೆಗೆ 25ರಲ್ಲಿ 10 ಕಿ.ಮೀ. ಮುಗಿಸೋಕೆ 24 ನಿಮಿಷ. ಕೊನೆಯವರು 18ರಲ್ಲಿ ಬಂದರೆ 33 ನಿಮಿಷ. ಮುಂದಿನವರು ಒಂಬತ್ತು ನಿಮಿಷ ಕೂತು, ನೀರು ಕುಡಿದು, ಬಾಳೆಹಣ್ಣು ತಿಂದು, ಎರಡು ಜೋಕು ಹೇಳಿಕೊಂಡು ಸುಧಾರಿಸಿಕೊಂಡಿರ್ತಾರೆ. ಕೊನೆಯವರು ಏದುಸಿರು ಬಿಡ್ತಾ ಬಂದು ಕಾಲು ನೆಲಕ್ಕೆ ಇಡ್ತಾರೆ. ಆಗ ಏನು ಕೂಗು ಬರುತ್ತೆ ಹೇಳಿ ನೋಡೋಣ?

"ಎಲ್ಲರೂ ಬಂದ್ರಾ? ಸರಿ, ಹೊರಡೋಣ್ವಾ!"

ನಾಲ್ಕು ಸಲ ಹೀಗೆ ನಿಂತರೆ ಮುಂದಿನವರಿಗೆ ಅರ್ಧ ಗಂಟೆಗಿಂತ ಜಾಸ್ತಿ ವಿಶ್ರಾಂತಿ. ಕೊನೆಯವರಿಗೆ ಸೊನ್ನೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಇಲ್ಲ. ಇದನ್ನು ಕಾಯೋದು ಅಂತ ಕರೆಯೋದಾದರೆ, ಪಂಕ್ತಿಯಲ್ಲಿ ಕೊನೆಗೆ ಕೂತವನ ಎಲೆಗೆ ಸಾರು ಬೀಳೋ ಹೊತ್ತಿಗೆ ಎಲ್ಲರೂ ಕೈ ತೊಳೆಯೋಕೆ ಏಳೋದನ್ನೂ ಊಟ ಹಾಕಿದ್ದು ಅಂತಲೇ ಕರೀಬೇಕು. ಮದ್ದು ಬಹಳ ಸುಲಭ. ಕೊನೆಯವರು ಬಂದು ಐದು ನಿಮಿಷ ಆದಮೇಲೆ ಹೊರಡೋದು. ಅಷ್ಟೇ! ಇದಕ್ಕೆ ದುಡ್ಡು ಬೇಡ, ಆಪ್ ಬೇಡ, ಕಾರ್ಬನ್ ಸೈಕಲ್ ಬೇಡ.

ಈಗ ವಿರೋಧದ ಮಾತುಗಳಿಗೆ ಬರ್ತೀನಿ. ನನ್ನ ಸ್ನೇಹಿತರೇ ಇವನ್ನೆಲ್ಲ ನನ್ನ ಮುಖಕ್ಕೆ ಹೇಳಿದ್ದಾರೆ.

ಒಂದು, "ನಾವು ಯಾರ ಹತ್ರನೂ ದುಡ್ಡು ತಗೊಳಲ್ಲ, ಬಿಡುವು ಮಾಡಿಕೊಂಡು ಪುಕ್ಕಟೆ ನಡೆಸ್ತೀವಿ, ಇದರ ಮೇಲೂ ಬೈತೀಯಲ್ಲ." ಒಪ್ಪಿದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಪ್ಪತ್ತು ಜನರನ್ನು ಸೇರಿಸೋದು ಸಣ್ಣ ಕೆಲಸ ಅಲ್ಲ, ಅಂಥವರಿಂದಲೇ ಈ ಊರಲ್ಲಿ ಸೈಕಲ್ ಉಳಿದಿರೋದು. ಆದರೆ ಪುಕ್ಕಟೆ ಕೊಟ್ಟರೂ ಮಾತು ಮಾತೇ. ಕಾಯೋಕೆ ಆಗಲ್ಲ ಅಂದ್ರೆ "ಕಾಯಲ್ಲ" ಅಂತ ಹಾಕಿ. ನಾಲ್ಕು ಅಕ್ಷರ ಉಳಿಯುತ್ತೆ, ಒಬ್ಬಳು ಹುಡುಗಿ ಕತ್ತಲಲ್ಲಿ ನಿಲ್ಲೋದು ತಪ್ಪುತ್ತೆ.

ಎರಡು, "ನಿಧಾನದವರಿಗೋಸ್ಕರ ಜೋರಾಗಿ ಹೋಗೋರು ಯಾಕೆ ತ್ಯಾಗ ಮಾಡಬೇಕು?" ಮಾಡಬೇಡಿ ಸ್ವಾಮಿ! ಶನಿವಾರ ಜೋರಾಗಿ ಹೋಗಿ, ಭಾನುವಾರ ಜೊತೆಯಾಗಿ ಹೋಗಿ. ಅಥವಾ ಒಂದೇ ದಿನ ಎರಡು ತಂಡ ಮಾಡಿ, ಎರಡಕ್ಕೂ ವೇಗ ಬರೆದು ಹಾಕಿ. ನಂದಿ ಬೆಟ್ಟದ ತಿರುವುಗಳಲ್ಲಿ ಜೀವ ಬಾಯಿಗೆ ಬರೋ ಹಾಗೆ ತುಳಿಯೋ ಸುಖ ನನಗೂ ಗೊತ್ತು. ಕೊನೆಯ ಕಡಿದಾದ ಏರಿನಲ್ಲಿ ಯಾರೂ ಯಾರಿಗೂ ಕಾಯೋಕೆ ಆಗಲ್ಲ, ಅವರವರ ಉಸಿರು ಅವರವರಿಗೆ. ಆದರೆ ಮೇಲೆ ಹತ್ತಿದ ಮೇಲೆ ಕಾಯಬಹುದಲ್ಲ? ಕೆಳಗೆ ಒಬ್ಬರನ್ನು ಬಿಟ್ಟಿರಬಹುದಲ್ಲ?

ಮೂರು, "ಪಂಕ್ಚರ್ ಹಾಕೋದು ಕಲಿತು ಬರಲಿ." ಖಂಡಿತ ಕಲೀಬೇಕು. ಆದರೆ ಹೊಸಬರಿಗೆ ಸ್ವಾಗತ ಅಂತ ಕರೆದವರು ನೀವು. ಈಜು ಬರದವರಿಗೆ ಸ್ವಾಗತ ಅಂತ ಬೋರ್ಡು ಹಾಕಿ, ಬಾವಿಗೆ ತಳ್ಳಿ, ಈಜು ಕಲಿತು ಬರಬಾರದಾ ಅಂತ ಕೇಳ್ತೀರಾ? ಒಂದು ಭಾನುವಾರ ರೈಡ್ ಬಿಟ್ಟು ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಮರದ ಕೆಳಗೆ ಕೂತು ಎಲ್ಲರಿಗೂ ಟ್ಯೂಬ್ ಬದಲಾಯಿಸೋದು ಹೇಳಿಕೊಡಿ. ಒಂದೂವರೆ ಗಂಟೆ ಸಾಕು.

ಈ ಜೊತೆ ಹೋಗೋ ವಿದ್ಯೆ ಏನು ಪ್ಯಾರಿಸ್ಸಿನಿಂದಲೇ ಬರಬೇಕಿಲ್ಲ. ನಮ್ಮೂರು ತಿಪಟೂರಿನ ಹತ್ತಿರ ಒಂದು ಹಳ್ಳಿ. ಹೈಸ್ಕೂಲು ಆರು ಕಿಲೋಮೀಟರು ದೂರ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತು, ನನಗೆ 2010ರಲ್ಲಿ ಸಿಕ್ಕಿತು. ನಮ್ಮೂರಿಂದ ಹನ್ನೊಂದು ಜನ ಒಟ್ಟಿಗೆ ಹೋಗ್ತಿದ್ವಿ. ಗೇರಿಲ್ಲ, ಹೆಲ್ಮೆಟ್ಟಿಲ್ಲ, ಬ್ರೇಕು ಇದ್ದರೂ ಇಲ್ಲದ ಹಾಗೆ. ಆದರೆ ಹಿಂದಿನಿಂದ "ಲೇ, ಚೈನ್ ಬಿತ್ತು ಕಣ್ರೋ!" ಅಂತ ಒಂದು ಕೂಗು ಬಂದರೆ ಹನ್ನೊಂದು ಸೈಕಲ್ಲೂ ನಿಲ್ತಿದ್ವು. ಒಬ್ಬ ಚೈನ್ ಹಾಕ್ತಿದ್ದ, ಉಳಿದವರು ತೋಟದ ಬೇಲಿ ಪಕ್ಕ ನಿಂತು ಹರಟೆ. ಸ್ಕೂಲಿಗೆ ಲೇಟಾದರೆ ಹನ್ನೊಂದು ಜನಕ್ಕೂ ಏಟು ಬೀಳ್ತಿತ್ತು. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಕಾಲು ಸ್ವಲ್ಪ ಊನ, ನಿಧಾನಕ್ಕೆ ತುಳೀತಿದ್ದ. ಅವನ ವೇಗವೇ ನಮ್ಮೆಲ್ಲರ ವೇಗ. ಅದನ್ನು ಯಾರೂ ನಿಯಮ ಅಂತ ಬರೆದಿರಲಿಲ್ಲ, ತ್ಯಾಗ ಅಂತಲೂ ಅನ್ನಿಸಿರಲಿಲ್ಲ. ಅವನನ್ನು ಬಿಟ್ಟು ಹೋದರೆ ಅವನ ಅಮ್ಮ ಸಂಜೆ ನಮ್ಮ ಮನೆಗಳಿಗೆ ಬಂದು ಕೇಳ್ತಿದ್ದರು, ಅಷ್ಟೇ!

ನಗರಕ್ಕೆ ಬಂದು, ಒಳ್ಳೆ ಸಂಬಳ ತಗೊಂಡು, ಆ ಹನ್ನೊಂದು ಸೈಕಲ್ಲಿನ ಬೆಲೆಗಿಂತ ಜಾಸ್ತಿಯ ಒಂದೇ ಸೈಕಲ್ ಕೊಂಡು, ನಾವು ಮರೆತದ್ದು ಇದನ್ನೇ. ಇಲ್ಲಿ ಸಂಜೆ ಬಂದು ಕೇಳೋ ಅಮ್ಮ ಇಲ್ಲ. ಅದಕ್ಕೇ ಅದನ್ನು ನಿಯಮ ಮಾಡಿಕೊಳ್ಳಬೇಕು ಅನ್ನೋದು ನನ್ನ ವಾದ.

ಗಾಳಿಪಟ ಹಾರಿಸಿದವರಿಗೆ ಬಾಲಂಗೋಚಿ ಗೊತ್ತು. ಹಿಂದೆ ಕಟ್ಟೋ ಆ ಬಟ್ಟೆ ಚೂರಿನ ಬಾಲ. ನೋಡೋಕೆ ಏನೂ ಕೆಲಸ ಇಲ್ಲದ್ದು, ಭಾರ ಬೇರೆ. ಅದನ್ನು ಕಿತ್ತು ಹಾಕಿ ಹಾರಿಸಿ ನೋಡಿ, ಪಟ ಗಿರಗಿರ ತಿರುಗಿ ಮೂತಿ ಕೆಳಗೆ ಮಾಡಿ ನೆಲಕ್ಕೆ ಬೀಳುತ್ತೆ. ಸೈಕಲ್ ಗುಂಪಿಗೂ ಒಂದು ಬಾಲಂಗೋಚಿ ಬೇಕು. ಕೊನೆಯ ಸವಾರನ ಹಿಂದೆಯೇ ಇರುವ, ಯಾವ ಕಾರಣಕ್ಕೂ ಅವರನ್ನು ದಾಟಿ ಹೋಗದ ಒಬ್ಬ. ಪಂಪು, ಟ್ಯೂಬು, ಮುಂದಿರುವವರ ಫೋನ್ ನಂಬರು ಅವನ ಹತ್ತಿರ ಇರಬೇಕು. ಈ ಕೆಲಸವನ್ನು ಬಡಪಾಯಿ ಹೊಸಬನಿಗೆ ವಹಿಸೋದಲ್ಲ, ಗುಂಪಿನ ಗಟ್ಟಿ ಸವಾರನೇ ಮಾಡಬೇಕು, ಯಾಕಂದ್ರೆ ಹಿಂದೆ ನಿಂತು ರಿಪೇರಿ ಮಾಡಿ ಮತ್ತೆ ಮುಂದಿನವರನ್ನು ಹಿಡಿಯೋ ತಾಕತ್ತು ಅವನಿಗೇ ಇರೋದು.

ಹಾಗಾದರೆ ಹೊಸದಾಗಿ ಸೈಕಲ್ ತಗೊಂಡು, ಒಂದು ಸ್ನೇಹದ ಗುಂಪು ಹುಡುಕುತ್ತಾ ಇದ್ದೀರಾ? ನಿಮಗೆ ನನ್ನ ಬುದ್ಧಿಮಾತು ಇಷ್ಟು.

ಸರಾಸರಿ ವೇಗ ಕೇಳಬೇಡಿ. ಸರಾಸರಿ ಎರಡಡಿ ಆಳದ ಹೊಳೆಯಲ್ಲೂ ಜನ ಮುಳುಗಿದ್ದಾರೆ. "ಹೋದ ವಾರ ಎಲ್ಲರಿಗಿಂತ ಕೊನೆಗೆ ಬಂದವರು ಎಷ್ಟು ಹೊತ್ತಿಗೆ ಬಂದರು? ಅವರ ಜೊತೆ ಯಾರಿದ್ದರು?" ಅಂತ ಕೇಳಿ. ಈ ಪ್ರಶ್ನೆಗೆ ತಕ್ಷಣ ಉತ್ತರ ಬಂದರೆ ಅದು ಒಳ್ಳೆಯ ಕ್ಲಬ್ಬು. "ಅದು.. ಗೊತ್ತಿಲ್ಲ, ಬಂದಿರಬೇಕು" ಅಂದರೆ ನಮಸ್ಕಾರ ಹೇಳಿ ಬನ್ನಿ.

"ಇವತ್ತಿನ ಬಾಲಂಗೋಚಿ ಯಾರು?" ಅಂತ ಹೊರಡೋ ಮುಂಚೆ ಕೇಳಿ. ಒಂದು ಹೆಸರು ಬರಬೇಕು. "ಎಲ್ಲರೂ ಎಲ್ಲರನ್ನೂ ನೋಡ್ಕೋತೀವಿ" ಅನ್ನೋದು ಉತ್ತರ ಅಲ್ಲ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ, ಆಫೀಸಿನಲ್ಲಿ ದಿನಾ ನೋಡ್ತೀವಲ್ಲ :)

ತಿರುವುಗಳಲ್ಲಿ ಏನು ಮಾಡ್ತಾರೆ ನೋಡಿ. ಬೈಕಿನಲ್ಲಿ ಗುಂಪಾಗಿ ಹೋಗುವವರಲ್ಲಿ ಒಂದು ಪದ್ಧತಿ ಇದೆ. ಪ್ರತಿ ತಿರುವಿನಲ್ಲೂ ಮುಂದಾಳುವಿನ ಹಿಂದಿನವನು ನಿಂತು ದಾರಿ ತೋರಿಸ್ತಾನೆ, ಬಾಲಂಗೋಚಿ ಬಂದ ಮೇಲೆಯೇ ಹೊರಡ್ತಾನೆ. ಸೈಕಲ್ಲಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಮ್ಯಾಪ್ ನೋಡಿಕೊಂಡು ಬನ್ನಿ ಅನ್ನೋ ಗುಂಪಿಗಿಂತ ಇದು ಸಾವಿರ ಪಾಲು ಮೇಲು.

ಯಾರು ಎರಡನೇ ಸಲ ಬಂದಿದ್ದಾರೆ ನೋಡಿ. ಹೊಸಬರು ಎಲ್ಲ ಕ್ಲಬ್ಬಿಗೂ ಒಂದು ಸಲ ಬರ್ತಾರೆ. ಮತ್ತೆ ಬಂದವರಲ್ಲಿ ಹೆಂಗಸರಿದ್ದಾರಾ? ಐವತ್ತು ದಾಟಿದವರಿದ್ದಾರಾ? ಹಳೇ ಸ್ಟೀಲ್ ಸೈಕಲ್ಲಿನವರಿದ್ದಾರಾ? ಇದ್ದರೆ ಅಲ್ಲಿ ಯಾರೋ ಕಾಯ್ತಾರೆ ಅಂತ ಅರ್ಥ. ಫೋಟೋದಲ್ಲಿ ಬರೀ ಒಂದೇ ವಯಸ್ಸಿನ, ಒಂದೇ ಥರದ ಸೈಕಲ್ಲಿನ ಗಂಡಸರೇ ಇದ್ದರೆ, ಉಳಿದವರು ಯಾವುದೋ ಸರ್ವಿಸ್ ರೋಡಿನಲ್ಲಿ ಉಳಿದುಹೋಗಿದ್ದಾರೆ ಅಂತ ಅರ್ಥ.

ಮೊದಲನೇ ಸವಾರಿ ಬೆಳಕಾದ ಮೇಲೆ, ಊರಿನ ಹತ್ತಿರದ ರಸ್ತೆಯಲ್ಲೇ ಇರಲಿ. ಕತ್ತಲಲ್ಲಿ ಹೆದ್ದಾರಿ ಹಿಡಿಸೋ ಕ್ಲಬ್ಬಿಗೆ ಮೊದಲನೇ ದಿನವೇ ಹೋಗಬೇಡಿ. ಒಂದು ಟ್ಯೂಬು, ಒಂದು ಪಂಪು ನಿಮ್ಮ ಹತ್ತಿರವೂ ಇರಲಿ, ಯಾರನ್ನೂ ನಂಬಿ ಕೂರಬೇಡಿ. ಹೌದು, ಇಷ್ಟೆಲ್ಲ ಬೈದ ಮೇಲೂ ಇದನ್ನು ಹೇಳಲೇಬೇಕು.

ಒಳ್ಳೆಯ ಗುಂಪು ಸಿಗಲಿಲ್ಲ ಅಂದರೆ? ಇಬ್ಬರು ಸೇರಿ, ಅದೇ ಗುಂಪು. ನಾನು ಆ ಕ್ಲಬ್ಬು ಬಿಟ್ಟ ಮೇಲೆ ನಮ್ಮ ಏರಿಯಾದಲ್ಲೇ ಆರು ಜನ ಸೇರಿಕೊಂಡಿದ್ದೀವಿ. ಒಬ್ಬರು ರಿಟೈರಾದ ಮೇಷ್ಟ್ರು, ಒಬ್ಬ ಪಿಯುಸಿ ಹುಡುಗ, ಒಬ್ಬರು ತರಕಾರಿ ಅಂಗಡಿಯವರು. ಹೆಸರಿಲ್ಲ, ಜೆರ್ಸಿ ಇಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟು ಹೆಸರಘಟ್ಟದ ಕಡೆ ಹೋಗಿ, ದೋಸೆ ತಿಂದು ಬರ್ತೀವಿ. ಸರಾಸರಿ ವೇಗ ಎಷ್ಟು ಅಂತ ಕೇಳಿದರೆ ಹೇಳೋಕೆ ನಾಚಿಕೆ ಆಗುತ್ತೆ. ಬಾಲಂಗೋಚಿ ನಾನೇ. ಮೊದಮೊದಲು ಹಿಂದೆ ಇರೋಕೆ ಹಿಂಸೆ ಆಗ್ತಿತ್ತು, ಕಾಲು ತುರಿಸ್ತಿತ್ತು. ಈಗ ಅಭ್ಯಾಸ ಆಗಿದೆ. ಎಲ್ಲರ ಬೆನ್ನೂ ಕಾಣುತ್ತೆ, ಅದರಲ್ಲೊಂದು ನೆಮ್ಮದಿ ಇದೆ.

ನನ್ನ ಗೆಳತಿ ಮಾತ್ರ ಬರಲಿಲ್ಲ. ಆ ಸೈಕಲ್ಲನ್ನು ಎರಡೇ ವಾರದಲ್ಲಿ ಮಾರಿಬಿಟ್ಟಳು. ನಾನು ಎಷ್ಟೋ ಸಲ ಕ್ಷಮೆ ಕೇಳಿದ್ದೀನಿ, ಅವಳೂ "ಬಿಡೋ, ಆಗಿದ್ದಾಯ್ತು" ಅಂದಿದ್ದಾಳೆ. ಒಂದು ದಿನ ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಮಾತ್ರ, ತಟ್ಟೆಯಿಂದ ತಲೆ ಎತ್ತದೇ ಒಂದು ಮಾತು ಹೇಳಿದಳು. "ಪಂಕ್ಚರ್ ಆಗಿದ್ದಕ್ಕೆ ಬೇಜಾರಿಲ್ಲ ಕಣೋ. ನೀವು ಬಿಟ್ಟು ಹೋಗಿದ್ದಕ್ಕೂ ಅಷ್ಟು ಬೇಜಾರಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೂ ನಾನಿಲ್ಲ ಅಂತ ಗೊತ್ತೇ ಆಗ್ಲಿಲ್ವಲ್ಲ, ಅದು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆ ಟೀ ಅಂಗಡಿ ಅಜ್ಜಿಗೆ ಸರಾಸರಿ ವೇಗ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ, ಆಕೆ ಯಾವ ಕ್ಲಬ್ಬಿನ ಮೆಂಬರೂ ಅಲ್ಲ. ಆದರೆ ಆವತ್ತು ನೋ ಡ್ರಾಪ್ ಅನ್ನೋ ಮಾತು ಉಳಿಸಿದ್ದು ಆಕೆ ಒಬ್ಬರೇ.

ಈ ಭಾನುವಾರ ನೀವು ಗುಂಪಿನಲ್ಲಿ ಹೊರಟರೆ, ಹೊರಡೋ ಮುಂಚೆ ಒಂದು ಸಲ ತಲೆ ಎಣಿಸಿ. ತಿಂಡಿಗೆ ಕೂರೋ ಮುಂಚೆ ಇನ್ನೊಂದು ಸಲ ಎಣಿಸಿ. ಲೆಕ್ಕ ಸರಿಹೋದರೆ ಮಾತ್ರ ಫೋಟೋ ತೆಗೆಸಿಕೊಳ್ಳಿ. ಏನಂತೀರಿ?